ಅನಾಮತ್ತು ಖಾತೆ

ಧಾರವಾಡದಿಂದ ಬ್ಯಾಡಗಿಗೆ ಹೋದಾಗಲೆಲ್ಲ
ಮೊದಲು ಸೀನು, ಆಮೇಲೆ ಮಾತು.
ಯಾರ್ಡಿನ ತುಂಬ ಕಡ್ಡಿ, ಡಬ್ಬಿ, ಕೆಂಪು ಒಟ್ಟಲು;
ತೊಟ್ಟು ಬಿಡಿಸುವ ಹೆಂಗಸರ ಸೆರಗು ಮೂಗಿನ ಮೇಲೆ.
ಶಿಡೇನೂರ ಅಣ್ಣತಮ್ಮರ ದಲಾಲಿ ಅಂಗಡಿಯಲ್ಲಿ
ಕಿರ್ದಿಯನ್ನು ತೊಡೆಗಿಟ್ಟು ಕೂತ ಗದಿಗಯ್ಯ ಮಾವ
ಚಾಳೀಸಿನ ಮೇಲಿಂದ ನೋಡಿದ:
‘ಜಾಕೋಬಿಯನ್ ಅಂದರ ಯಾವ ಊರಿನ ಮಾಲು ತಂಗೀ?
ಐದು ವರ್ಷಾತು, ಇನ್ನೂ ತೂಕಕ್ಕ ಬಂದಿಲ್ಲ.’

ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ತೋರಿಸಿದೆ.
ಹೆಸರಿಗೆ ಇದು ಗೆರೆ, ಮಾವ. ಅನಂತದ ಚುಕ್ಕೆಯೊಂದು ಸೇರಿ
ಮೈ ಹೀಗೆ ದುಂಡಗಾಗಿದೆ.
ಇದರ ಮೇಲೆ ಮೂರು ಹಾಳೆ ಹೊದಿಸು.
ವೈ ಘನಕ್ಕೆ ಸಮ, ನಾಲ್ಕು ಬೇರಿನ ಬಹುಪದಿ;
ಒಂದೊಂದು ಎಕ್ಸಿಗೂ ಮೂರು ಮೂರು ವೈ.
ಆ ನಾಲ್ಕು ಬೇರುಗಳಲ್ಲಿ, ಮತ್ತೆ ಅನಂತದಲ್ಲಿ ಮಾತ್ರ
ಮೂರೂ ಹಾಳೆ ಒಂದೇ ಹೊಲಿಗೆಯಲ್ಲಿ ಕೂಡಿವೆ.
ಒಂದು ಬೇರನ್ನು ಸುತ್ತಿ ಹೊರಟಲ್ಲಿಗೇ ಬಂದರೆ
ಜಾಗ ಅದೇ, ಹಾಳೆ ಬೇರೆ.
ಮೂರನೆಯ ಸುತ್ತಿಗೆ ನಿನ್ನ ಹಾಳೆ ನಿನಗೆ.

‘ಸರದಿ ಅನ್ನು,’ ಅಂದ ಮಾವ.
ಹಿರಿಯವನಿಗೊಂದು ವರ್ಷ ಗಾದಿ, ನಡುವಿನವನಿಗೊಂದು,
ಕಿರಿಯವನಿಗೊಂದು, ಮತ್ತೆ ಹಿರಿಯವನಿಗೆ.
ದೀಪಾವಳಿಯ ಲಕ್ಷ್ಮೀಪೂಜೆಗೆ ಮೂವರೂ ಒಂದೇ ಜಮಖಾನೆ.
ಈಗ ಮೂರು ಅಂಗಡಿ. ಬೋರ್ಡು ಮಾತ್ರ
ಮೂರರ ಮೇಲೂ ಅದೇ ಹೆಸರು, ಅದೇ ಪೇಂಟರನ ಕೈ.

ನಾನು ಮುಂದುವರಿಸಿದೆ.
ಹಾಳೆಗಳ ಮೇಲೆ ಅಲ್ಲೊಂದು ಜಮಾ, ಇಲ್ಲೊಂದು ಖರ್ಚು;
ಕೂಡಿಸಿದರೆ ಸೊನ್ನೆಯೇ ಬರಬೇಕು, ಇದು ಕರಾರು.
ಅಂಥ ಕೆಲವು ಲೆಕ್ಕಗಳನ್ನು ಒಂದು ಫಲನ ತಾನೇ ತೀರಿಸುತ್ತದೆ:
ಅದು ಸೊನ್ನೆಯಾಗುವಲ್ಲಿ ಜಮಾ, ಅನಂತಕ್ಕೆ ಏರುವಲ್ಲಿ ಖರ್ಚು.
ಅವನ್ನೆಲ್ಲ ಹೊಡೆದುಹಾಕು.
ಮೊತ್ತ ಸೊನ್ನೆ, ಆದರೂ
ಯಾವ ಫಲನದ ಕೈಗೂ ತೀರದೆ ಉಳಿದದ್ದು
ನನ್ನ ಮಾಲು.

ಮಾವ ಪೆನ್ನಿಗೆ ಟೋಪಿ ಹಾಕಿದ.
‘ಅನಾಮತ್ತು,’ ಅಂದ.
ಐದು ವರ್ಷ ಗುಡ್ಡದ ಮೇಲಿನ ಆ ವಿಭಾಗದಲ್ಲಿ
ಯಾರೂ ಇಷ್ಟು ಸಣ್ಣದಾಗಿ ಹೇಳಿರಲಿಲ್ಲ.

ಹುರುಪು ಬಂತು. ಕೇಳು ಮಾವ,
ಮೂರು ಹಾಳೆಯಲ್ಲೂ ಒಂದೇ ಎಕ್ಸಿನ ಮೇಲಿನ ಬಾಬ್ತು ಕೂಡಿಸಿ
ಅನಂತವನ್ನು ಮೂರು ಸಲ ಕಳೆ: ತೀರಿತು, ಯಾವಾಗಲೂ.
ಬೇರಿನ ಬಾಬ್ತು ಮಾತ್ರ ವಿಚಿತ್ರ.
ಒಂದು ಸಲ ಬರೆದರೆ ತೀರದು,
ಎರಡು ಸಲ ಬರೆದರೂ ಊಹೂಂ,
ಮೂರನೆಯ ಸಲ ತಾನೇ ಸೊನ್ನೆ.
‘ಮುಪ್ಪಟ್ಟಾದರ ಮುಳುಗೋ ಸಾಲ!’
ನಕ್ಕ. ನಗು ಘಾಟಿಗೆ ಸಿಕ್ಕಿ ಕೆಮ್ಮಾಯಿತು.

ನೀರು ಕುಡಿದು, ಖತಾವಣಿಯ ಕೊನೆಯ ಹಾಳೆ ತೆರೆದ.
ನಾನೂರಾ ಹನ್ನೊಂದು ರೂಪಾಯಿ.
ಪಾಲಾದ ದಿನ ಗಲ್ಲಾದ ತಳದಲ್ಲಿ ಸಿಕ್ಕದ್ದು.
‘ನೂರಾ ಮೂವತ್ತೇಳು ಒಬ್ಬೊಬ್ಬರಿಗೆ, ಪೈಸಾ ಮಿಗಂಗಿಲ್ಲ.
ಆದರ ಮೂವರೂ ಒಮ್ಮಿಗೇ ಕುಂತು ಸಹಿ ಹಾಕಬೇಕು.’
ಹತ್ತೊಂಬತ್ತು ವರ್ಷ. ಟೆಂಡರಿನ ದಿನ
ಒಂದೇ ಒಟ್ಟಲಿಗೆ ಮೂವರೂ ಕೈ ಹಾಕುತ್ತಾರೆ,
ಒಂದೇ ಕಾಯಿ ಮುರಿದು ಮೂಸುತ್ತಾರೆ,
ಮೂರು ದಿಕ್ಕಿಗೆ ನಡೆಯುತ್ತಾರೆ.

ಹೊಡೆದುಹಾಕಬಹುದಲ್ಲ ಮಾವ, ಅಂದೆ.
‘ನೀ ಯಾಕ ಹೊಡದಿಲ್ಲ?’
ಉತ್ತರ ಇರಲಿಲ್ಲ. ಮೂರನೆಯ ಅಧ್ಯಾಯದ ನಡುವೆ
ಸಾಧಿಸದೆ ಬಿಟ್ಟ ಪ್ರಮೇಯದ ಮಾತು ಎತ್ತಲೂ ಇಲ್ಲ.

ಹಮಾಲನೊಬ್ಬ ಚೀಲ ಹೊತ್ತು ಬಾಗಿಲು ದಾಟಿದ;
ನಿಂಬೆಹಣ್ಣು ತನ್ನ ದಾರದಲ್ಲಿ ಒಂದು ಸುತ್ತು ತಿರುಗಿತು.
ಮಾವ ಹೊಸ ಹಾಳೆಯ ನೆತ್ತಿಯ ಮೇಲೆ
ದುಂಡಗಿನ ಅಕ್ಷರದಲ್ಲಿ, ಅವಸರವಿಲ್ಲದೆ, ಬರೆದ:
ಹಿಂದಿನ ಪುಟದಿಂದ ತಂದದ್ದು.